ಅಂಗಿಯೊಳಗಿನ ಕಿಸೆ

ಮೊದಲ ಬೋರ್ಡ್ ನೋಡಿದಾಗ ನನಗೆ ನಗು ಬಂತು. ನಕ್ಕಿದ್ದಕ್ಕೆ ಆಮೇಲೆ ಬೇಜಾರೂ ಆಯಿತು. ನೇರಳೆ ಬಣ್ಣದ ದೊಡ್ಡ ಹಾಳೆ. ಅದರ ಮೇಲೆ ಎತ್ತಿ ಹಿಡಿದ ಮುಷ್ಟಿ, ಹೆಣ್ಣಿನ ಗುರುತು, ಇಂಗ್ಲಿಷಿನಲ್ಲಿ ನಾಲ್ಕು ಘೋಷಣೆ. ಕೆಳಗೆ ಐದು ಟೀ ಶರ್ಟಿನ ಸ್ಕೆಚ್. ಮೇಲೆ ದಪ್ಪ ಅಕ್ಷರದಲ್ಲಿ ‘ಥೀಮ್: ಸ್ತ್ರೀವಾದ’.

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ಕಲಿಸುತ್ತೇನೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದು ಥೀಮ್ ಹಿಡಿದು ಐದು ಉಡುಪು ಮಾಡಬೇಕು, ಖರ್ಚಿನ ಲೆಕ್ಕ ಕೊಡಬೇಕು, ಜ್ಯೂರಿ ಮುಂದೆ ನಿಲ್ಲಬೇಕು. ಇದು 2025ರಲ್ಲಿ ಆ ಕೆಲಸ ಮಾಡಿದ ಒಬ್ಬ ಹುಡುಗಿಯ ಪ್ರಕರಣ. ಹೆಸರು ಬೇಡ. ಜೇವರ್ಗಿ ಕಡೆಯವಳು. ಅವರ ಮನೆಯಲ್ಲಿ ಡಿಗ್ರಿವರೆಗೆ ಬಂದ ಮೊದಲ ಹೆಣ್ಣುಮಗಳು. ಬರೆಯಲು ಅವಳೇ ಒಪ್ಪಿದ್ದಾಳೆ. ‘ತಪ್ಪೂ ಬರೀರಿ ಮೇಡಂ’ ಅಂತ ಷರತ್ತನ್ನೂ ಹಾಕಿದ್ದಾಳೆ.

ಬೋರ್ಡಿನ ಮುಂದೆ ನಿಂತು ನಾನು ಕೇಳಿದ್ದು ಒಂದೇ ಪ್ರಶ್ನೆ.

“ಇದನ್ನ ಯಾರು ಹಾಕ್ಕೋತಾರವ್ವ?”

“ಯಾರಾರ ಹಾಕ್ಕೋತಾರ್ರಿ.”

“ನಿಮ್ಮ ಅವ್ವ?”

“ಅಯ್ಯ, ಇಲ್ರಿ.”

“ಆಯಿ?”

ಆಯಿ ಅಂದರೆ ಅಜ್ಜಿ. ಈಗ ನಗುವ ಸರದಿ ಅವಳದು.

ಟೀ ಶರ್ಟಿನ ಯೋಚನೆ ಅವಳ ಸ್ವಂತದ್ದಾಗಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಡಿಯೋರ್ ಕಂಪನಿಯ ರ್‍ಯಾಂಪ್ ಮೇಲೆ ಸ್ತ್ರೀವಾದದ ಒಂದು ಸಾಲು ಬರೆದ ಬಿಳಿ ಟೀ ಶರ್ಟ್ ಬಂದಿತ್ತು. ಮಾಡಿದವರು ಮಾರಿಯಾ ಗ್ರಾತ್ಸಿಯಾ ಕಿಯೂರಿ, ಆ ಮನೆತನದ ಡಿಸೈನ್ ಹೊಣೆ ಹೊತ್ತ ಮೊದಲ ಹೆಂಗಸು. ಅದು ಸಣ್ಣ ಮಾತೇನಲ್ಲ. ಆದರೆ ಆ ಟೀ ಶರ್ಟಿನ ಬೆಲೆ 710 ಡಾಲರ್ ಇತ್ತು. ಅಲ್ಲಿಂದ ಮುಂದೆ ನಮ್ಮೂರಿನ ಸೂಪರ್ ಮಾರ್ಕೆಟ್ ಬೀದಿಯ ಫುಟ್‌ಪಾತಿನ ತನಕ ಎಲ್ಲರೂ ಎದೆಯ ಮೇಲೆ ಏನಾದರೂ ಅಚ್ಚು ಹಾಕಿ ಮಾರತೊಡಗಿದರು. ಅಕ್ಷರ ಕಿತ್ತರೆ ಉಳಿಯುವುದು ಅದೇ ಹಳೆ ಟೀ ಶರ್ಟ್. ಹೊಲಿಗೆಯಲ್ಲಿ ಏನೂ ಬದಲಾಗಿಲ್ಲ ಅಂದಮೇಲೆ ಡಿಸೈನರ್ ಮಾಡಿದ್ದೇನು? ಇದು ನನ್ನ ಹಳೆ ತಕರಾರು. ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ ಅಂತ ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ.

ಒಂದು ವಾರ ಓದಿಕೊಂಡು ಬಾ ಅಂದೆ. ಬಂದಳು. ನೇರಳೆ ಎಲ್ಲಿಂದ ಬಂತು ಅಂತ ಈಗ ಅವಳಿಗೆ ಗೊತ್ತಿತ್ತು. ಬ್ರಿಟನ್ನಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೇಳಿದ ಸಂಘಟನೆಯೊಂದು 1908ರಲ್ಲಿ ನೇರಳೆ, ಬಿಳಿ, ಹಸಿರು ಅಂತ ಮೂರು ಬಣ್ಣ ಆರಿಸಿಕೊಂಡಿತ್ತು. ಆರಿಸಿದವರು ಎಮ್ಮೆಲೀನ್ ಪೆಥಿಕ್ ಲಾರೆನ್ಸ್. 1851ರಲ್ಲಿ ಅಮೆರಿಕದಲ್ಲಿ ಕೆಲವು ಹೆಂಗಸರು ನೆಲ ಗುಡಿಸುವ ಲಂಗ ಬಿಟ್ಟು, ಮೊಣಕಾಲಿನ ಕೆಳಗಿನವರೆಗೆ ಬರುವ ಲಂಗ, ಒಳಗೆ ಸಡಿಲ ಪಾಯಿಜಾಮ ಹಾಕಿಕೊಂಡರು. ಅಮೀಲಿಯಾ ಬ್ಲೂಮರ್ ತಮ್ಮ ಪತ್ರಿಕೆಯಲ್ಲಿ ಅದರ ಪರವಾಗಿ ಬರೆದರು, ಉಡುಪಿಗೆ ಅವರ ಹೆಸರೇ ಅಂಟಿಕೊಂಡಿತು. ಬೀದಿಯಲ್ಲಿ ಎಷ್ಟು ಗೇಲಿ ಮಾಡಿದರೆಂದರೆ ಕೆಲವೇ ವರ್ಷದಲ್ಲಿ ಹೆಚ್ಚಿನವರು ಅದನ್ನು ಬಿಟ್ಟರು.

ಇದನ್ನೆಲ್ಲ ಒಪ್ಪಿಸಿ ಅವಳು ಸುಮ್ಮನೆ ನಿಂತಳು. ಆಮೇಲೆ ಹೇಳಿದಳು: “ಮೇಡಂ, ಎರಡು ಕಾಲು ಬ್ಯಾರೆ ಮಾಡ್ಕೊಂಡು ಉಡೋದು ಅಂದ್ರ ಕಚ್ಚಿ ಅಲ್ಲೇನ್ರಿ? ನಮ್ಮ ಆಯಿ ದಿನಾ ಹಾಕ್ತಾಳ. ಯಾರೂ ನಗಂಗಿಲ್ಲ.”

ಪ್ರಕರಣ ತಿರುಗಿದ್ದು ಇಲ್ಲಿ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕಚ್ಚೆ ಸೀರೆಯಲ್ಲಿ ಬಗ್ಗಬಹುದು, ಓಡಬಹುದು, ಗಿಡ ಹತ್ತಬಹುದು. ಅಮೆರಿಕದವರು ಜಗಳ ಮಾಡಿ ಪಡೆಯಲು ಹೋದದ್ದು ನಮ್ಮ ಆಯಂದಿರ ಮೈಮೇಲೆ ಮೊದಲೇ ಇತ್ತು. ಆದರೆ ಕಚ್ಚೆ ಹಾಕಿದ ಮಾತ್ರಕ್ಕೆ ಆಯಿಗೆ ಗಂಡಾಳಿನಷ್ಟು ಕೂಲಿ ಸಿಕ್ಕಿತೇ? ಇಲ್ಲವಲ್ಲ. ಅದನ್ನೂ ಹೇಳಿದೆ. ಅಜ್ಜಿಯರನ್ನು ಫೋಟೊ ಮಾಡಿ ಗೋಡೆಗೆ ಹಾಕುವ ಥೀಮ್ ನನಗೆ ಬೇಡವಾಗಿತ್ತು. ಹಾಗಾದರೆ ಊರಿಗೆ ಹೋಗಿ ನೋಡೋಣ ಅಂತಾಯಿತು.

ಸಂಕ್ರಾಂತಿ ಮುಗಿದಿತ್ತು. ಭೀಮಾ ದಾಟಿ ಬಸ್ಸಿನಲ್ಲಿ ಹೋದೆವು. 2023ರ ಜೂನಿನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಕಾಸಿಲ್ಲ, ಆಧಾರ್‌ನಂಥ ಗುರುತಿನ ಚೀಟಿ ತೋರಿಸಬೇಕು ಅಷ್ಟೆ. ಕಂಡಕ್ಟರ್ ಬಂದಾಗ ಬಸ್ಸಿನ ತುಂಬ ನಡೆಯುವ ಗಡಿಬಿಡಿಯನ್ನು ಅವಳು ನನಗೆ ಕಣ್ಣಲ್ಲೇ ತೋರಿಸಿದಳು. ಒಬ್ಬರು ಕುಪ್ಪಸದೊಳಗೆ ಕೈ ಹಾಕುತ್ತಾರೆ, ಇನ್ನೊಬ್ಬರು ಸೆರಗಿನ ಗಂಟು ಬಿಚ್ಚುತ್ತಾರೆ, ಮತ್ತೊಬ್ಬರು ಮಗುವನ್ನು ಪಕ್ಕದವರ ಕೈಗೆ ಕೊಟ್ಟು ಸೊಂಟ ತಡಕುತ್ತಾರೆ. ಮುಂದಿನ ಸೀಟಿನ ಗಂಡಸು ಕಿಸೆಗೆ ಕೈ ಹಾಕಿ ದುಡ್ಡು ತೆಗೆದ. ಎರಡು ಸೆಕೆಂಡ್.

ಹೊಲದಲ್ಲಿ ಹತ್ತಿ ಬಿಡಿಸುವ ಕೊನೆಯ ಸುತ್ತು. ಎಂಟು ಜನ ಹೆಂಗಸರು. ಕಚ್ಚೆ ಸೀರೆ, ಅದರ ಮೇಲೆ ಗಂಡಸರ ಹಳೆ ಫುಲ್ ತೋಳಿನ ಅಂಗಿ. ಈ ಸೀಮೆಯಲ್ಲಿ ಹತ್ತಿ ಹೊಲ, ತೊಗರಿ ಹೊಲ ಎಲ್ಲಿ ನೋಡಿದರೂ ಈ ಅಂಗಿ ಕಾಣುತ್ತದೆ. ಬಿಸಿಲಿಗೆ ಮೈ ಸುಡಬಾರದು, ಒಣಗಿದ ಕಾಯಿಯ ಚೂಪು ತುದಿ ಕೈ ಗೀರಬಾರದು. ಬಿಡಿಸಿದ ಹತ್ತಿ ಉಡಿಗೆ ಹೋಗುತ್ತದೆ. ಕೂಲಿ ಕೆ.ಜಿ. ಲೆಕ್ಕ.

ಹುಡುಗಿ ಪುಸ್ತಕ ತೆಗೆದು ಒಬ್ಬೊಬ್ಬರನ್ನೇ ಕೇಳಿದಳು: ಏನೇನು ಇಟ್ಟುಕೊಂಡಿದ್ದೀರಿ, ಎಲ್ಲಿ? ಇದು ನಾನು ಹೇಳಿಕೊಟ್ಟದ್ದಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದೂ ಇದೇ. ಫೋನು ಕುಪ್ಪಸದೊಳಗೆ. ಆಧಾರ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಲ್ಲೇ, ಬೆವರಿಗೆ ಅಕ್ಷರ ಮಾಸಿದೆ. ಬಿ.ಪಿ. ಗುಳಿಗೆ ಸೆರಗಿನ ತುದಿಗೆ. ಕೀಲಿಕೈ ಸೊಂಟದಲ್ಲಿ. ಎಲೆ, ಅಡಿಕೆ, ಸುಣ್ಣ ಮತ್ತು ರೊಕ್ಕ ಸಂಚಿಯಲ್ಲಿ. ಸಂಚಿ ಅಂದರೆ ಬಾಯಿಗೆ ದಾರ ಪೋಣಿಸಿದ ಬಟ್ಟೆ ಚೀಲ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಅಂಗಿಯ ಎದೆ ಕಿಸೆ? ಎಂಟಕ್ಕೆ ಎಂಟೂ ಖಾಲಿ.

ಅದೇ ವಿಚಿತ್ರ. ಮೈಮೇಲೆ ಕಿಸೆ ಇರುವ ಬಟ್ಟೆ ಅದೊಂದೇ. ಅದರಲ್ಲೇ ಏನೂ ಇಲ್ಲ.

“ಅದು ನಿಮ್ಮ ಮುತ್ಯಾನ ಅಂಗಿ,” ಅಂದರು ಆಯಿ. “ಸಂಜಿಗಿ ಬಿಚ್ಚಿ ಗೂಟಕ್ಕ ಹಾಕ್ತೀನಿ. ಅದರಾಗ ಇಟ್ಟದ್ದು ಯಾರದಾಗ್ತದ, ನೀನೇ ಹೇಳು.”

ಪಕ್ಕದ ಸಾಲಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹುಡುಗಿ ನಗಲಿಲ್ಲ, ಬರೆದುಕೊಂಡಳು.

ವಾಪಸ್ ಬಂದ ಮೇಲೆ ಬೋರ್ಡ್ ಗೋಡೆಯಿಂದ ಇಳಿಯಿತು. ಥೀಮ್ ಸ್ತ್ರೀವಾದವೇ, ಅದನ್ನು ಹಿಡಿಯಲು ಹೊಸದಾಗಿ ಒಂದೇ ಪದ: ಕಿಸೆ. ಓದಲು ಬೇಕಾದಷ್ಟು ಸಿಕ್ಕಿತು. 2018ರಲ್ಲಿ ಅಮೆರಿಕದಲ್ಲಿ ಜೀನ್ಸ್ ಪ್ಯಾಂಟುಗಳನ್ನು ಅಳೆದು ನೋಡಿದ್ದರು. ಹೆಂಗಸರ ಪ್ಯಾಂಟಿನ ಮುಂದಿನ ಕಿಸೆ ಗಂಡಸರದಕ್ಕಿಂತ ಸರಾಸರಿ 48 ಶೇಕಡ ಗಿಡ್ಡ, 6.5 ಶೇಕಡ ಕಿರಿದು. ಇನ್ನೂ ಹಿಂದಕ್ಕೆ ಹೋದರೆ, 18ನೇ ಶತಮಾನದ ಯುರೋಪಿನ ಹೆಂಗಸರು ಲಂಗದ ಒಳಗೆ ಸೊಂಟಕ್ಕೆ ದಾರ ಕಟ್ಟಿ ಬಟ್ಟೆ ಚೀಲ ತೂಗುಹಾಕಿಕೊಳ್ಳುತ್ತಿದ್ದರು. ಲಂಗದ ಪಕ್ಕದ ಸೀಳಿನಿಂದ ಕೈ ತೂರಿಸಿ ಅದನ್ನು ತಲುಪುತ್ತಿದ್ದರು. ಚಿತ್ರ ನೋಡಿ ಅವಳು ಅಂದದ್ದು, “ಸಂಚಿ!”

ಬೆಂಗಳೂರಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಅವಳ ದೊಡ್ಡಪ್ಪನ ಮಗಳಿಂದ ಇನ್ನೊಂದು ಸುದ್ದಿ ಬಂತು. ಆಕೆಯ ಮಷಿನ್ನಿನ ಕೆಲಸ ಒಂದೇ, ಗಂಡಸರ ಶರ್ಟಿಗೆ ಕಿಸೆ ಹಚ್ಚುವುದು. ಗಂಟೆಗೆ ಇಷ್ಟು ಅಂತ ಟಾರ್ಗೆಟ್. ಮೈಮೇಲಿನ ಚೂಡಿದಾರಕ್ಕೆ ಒಂದೂ ಕಿಸೆ ಇಲ್ಲ. ಪಿ.ಎಫ್. ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲಿನಲ್ಲಿ ಬೆಂಗಳೂರಿನ ರಸ್ತೆಗಿಳಿದು ಸರ್ಕಾರ ಹಿಂದೆ ಸರಿಯುವಂತೆ ಮಾಡಿದ್ದು ಇಂಥ ಸಾವಿರಾರು ಹೆಂಗಸರೇ. ಫ್ಯಾಷನ್ ಮತ್ತು ಸ್ತ್ರೀವಾದ ಅಂತ ಉಪನ್ಯಾಸ ಕೊಡುವಾಗ ನಾವು ಪ್ಯಾರಿಸಿಗೆ ಹೋಗುತ್ತೇವೆ, ಪೀಣ್ಯಕ್ಕೆ ಹೋಗುವುದಿಲ್ಲ. ನಾನೂ ಹೋಗಿರಲಿಲ್ಲ ಅನ್ನಿ.

ಮೊದಲ ಟ್ರಯಲ್ ಕೋರಾ ಬಟ್ಟೆಯಲ್ಲಿ. ಹೊಲದ ಅಂಗಿಯನ್ನೇ ಹೆಣ್ಣಿನ ಮೈಗೆ ಸರಿಯಾಗಿ ಕತ್ತರಿಸುವುದು ಅವಳ ಯೋಚನೆ. ಗಂಡಸರ ಅಂಗಿಯಲ್ಲಿ ಭುಜ ಇಳಿಬೀಳುತ್ತದೆ, ಎದೆ ಹತ್ತಿರ ಗುಂಡಿ ಬಾಯಿ ಬಿಡುತ್ತದೆ, ಕೈ ಮುಂದೆ ಚಾಚಿದರೆ ಕಂಕುಳಲ್ಲಿ ಹಿಡಿಯುತ್ತದೆ. ಎದೆಗೆ ಡಾರ್ಟ್, ಅಂದರೆ ಮೈಯ ಆಕಾರಕ್ಕೆ ಬಟ್ಟೆ ಮಡಚಿ ಹಾಕುವ ಹೊಲಿಗೆ, ಕೊಟ್ಟಳು. ಕಂಕುಳಲ್ಲಿ ಒಂದು ಚೌಕ ತುಂಡು ಸೇರಿಸಿದಳು. ಗುಂಡಿ ಯಾವ ಕಡೆ ಅಂತ ಒಂದು ದಿನವೇ ಚರ್ಚೆಯಾಯಿತು. ರೆಡಿಮೇಡ್ ಬಟ್ಟೆಯಲ್ಲಿ ಹೆಂಗಸರ ಗುಂಡಿ ಎಡಕ್ಕೆ, ಗಂಡಸರದು ಬಲಕ್ಕೆ. ಆಯಿಯ ಬೆರಳಿಗೆ ಮುತ್ಯಾನ ಅಂಗಿಯ ಗುಂಡಿಯೇ ರೂಢಿ. ಬಲಕ್ಕೇ ಬಿಟ್ಟಳು. ಪುಸ್ತಕದ ಪ್ರಕಾರ ತಪ್ಪು, ಆಯಿಯ ಪ್ರಕಾರ ಸರಿ.

ಕಿಸೆ ಮಾತ್ರ ದೊಡ್ಡದು ಮಾಡಿದಳು. ಹೊರಗೆ, ಸೊಂಟದ ಎರಡೂ ಬದಿಗೆ, ಕೆಂಪು ಬಣ್ಣದಲ್ಲಿ. ನೋಡಿದವರಿಗೆ ‘ಇದು ಕಿಸೆ’ ಅಂತ ಗೊತ್ತಾಗಲೇಬೇಕು ಅನ್ನುವ ಹಾಗೆ. ನನಗೂ ಚೆನ್ನಾಗಿ ಕಂಡಿತು. ಊರಿಗೆ ಒಯ್ದಳು. ಆಯಿ ಹಾಕಿಕೊಂಡರು, ತೋಳು ಆಡಿಸಿದರು, ಬಗ್ಗಿ ನೋಡಿದರು, ಕಂಕುಳು ಹಿಡಿಯಲಿಲ್ಲ ಅಂತ ಖುಷಿಪಟ್ಟರು. ಕಿಸೆಗೆ ಆಧಾರ್ ಇಟ್ಟರು, ಗುಳಿಗೆ ಇಟ್ಟರು. ರೊಕ್ಕ ಮಾತ್ರ ಸಂಚಿಗೇ ಹೋಯಿತು.

“ಯಾಕ ಆಯಿ?”

“ಇದು ಎಲ್ಲಾರಿಗೂ ಕಾಣ್ತದಲ್ಲವ್ವ. ಉಬ್ಬಿತ್ತಂದ್ರ ಏನೋ ಅದ ಅಂತ ಗೊತ್ತಾಗ್ತದ. ಸಂಚ್ಯಾಗ ಎಷ್ಟದ ಅಂತ ನನಗಷ್ಟೇ ಗೊತ್ತು.”

ಹುಡುಗಿ ವಾಪಸ್ ಬಂದು ಅದನ್ನು ಹೇಳಿದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಯಿಗೆ ಬೇಕಾಗಿದ್ದದ್ದು ಕಿಸೆಯಷ್ಟೇ ಆಗಿರಲಿಲ್ಲ, ಮರೆಯಾದ ಕಿಸೆ. ಗಂಡನಿಗೆ, ಮಗನಿಗೆ, ಅಂಗಡಿಯ ಉದ್ರಿಯವನಿಗೆ ಕಾಣದ ಜಾಗ. ನಾವು ಹಕ್ಕನ್ನು ಎಲ್ಲರಿಗೂ ತೋರಿಸುವ ಉತ್ಸಾಹದಲ್ಲಿದ್ದೆವು. ಅವರಿಗೆ ಕೂಲಿ ಉಳಿಸಿಕೊಳ್ಳುವ ಚಿಂತೆ. ಹಾಗಂತ ಬಚ್ಚಿಡುವುದನ್ನೇ ದೊಡ್ಡದು ಮಾಡುವುದೂ ಸರಿಯಲ್ಲ, ಬಚ್ಚಿಡಬೇಕಾದ ಮನೆಯೇ ಇರಬಾರದು ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ವಾದಿಸಿದರು. ಒಪ್ಪುತ್ತೇನೆ. ಆದರೆ ಮನೆ ಬದಲಾಗುವ ತನಕ ರೊಕ್ಕ ಎಲ್ಲಿಡುವುದು?

ಎರಡನೇ ಪ್ಯಾಟರ್ನ್ ಬಂತು. ಹೊರಗೆ ಒಂದು ಸಾಧಾರಣ ಕಿಸೆ, ಆಧಾರಿಗೆ, ಗುಳಿಗೆಗೆ. ಒಳಗೆ ಇನ್ನೊಂದು. ಎಡ ಪಕ್ಕದ ಹೊಲಿಗೆಯನ್ನೇ ಅಂಗೈ ಹೋಗುವಷ್ಟು ಬಿಚ್ಚಿಟ್ಟು, ಅದರೊಳಗೆ 20 ಸೆಂಟಿಮೀಟರ್ ಆಳ, 13 ಅಗಲದ ಚೀಲ. ಫೋನೂ ಹಿಡಿಯುತ್ತದೆ. ಬಾಯಿಗೆ ಒಂದು ಟಿಚ್ ಗುಂಡಿ. ಕಚ್ಚೆಯ ಗಂಟಿಗೆ ತಾಗದ ಹಾಗೆ ಜಾಗ ಹುಡುಕಲು ಮೂರು ಸಲ ಬಿಚ್ಚಿ ಹೊಲಿದಳು. ಚೀಲವನ್ನು ಅವ್ವನ ಹಳೆ ಸೀರೆಯಿಂದ ಮಾಡಿ, ಕೌದಿ ಹಾಕುವ ಹಾಗೆ ಎರಡು ಪದರ ಕೂಡಿಸಿ ಸಾಲು ಸಾಲಾಗಿ ದಾರ ಎಳೆದಳು. ಹೊರಗಿನಿಂದ ನೋಡಿದರೆ ಏನೂ ಇಲ್ಲ.

ಈ ಹೊತ್ತಿಗೆ ಸಲಹೆಗಳು ಸುರಿಯತೊಡಗಿದವು. ಕಲಬುರಗಿಯವಳು ಸ್ತ್ರೀವಾದದ ಥೀಮ್ ಮಾಡುತ್ತಿದ್ದಾಳೆ, ಅಕ್ಕಮಹಾದೇವಿ ಇಲ್ಲವೇ ಅಂದರು. ಕೇಳುವುದು ಸಹಜ. 12ನೇ ಶತಮಾನದಲ್ಲಿ ಅಕ್ಕ ಬಂದು ಸೇರಿದ ಕಲ್ಯಾಣ ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲೇ ಇದೆ. ಹುಡುಗಿ ಕೈ ಮುಗಿದಳು. “ಬಟ್ಟೀನೇ ಬಿಟ್ಟು ಹೋದಾಕಿ ಹೆಸರಿನ್ಯಾಗ ಬಟ್ಟಿ ಮಾರೋದು ಹೆಂಗ್ರಿ?” ಆ ಕಾಲದ ಶರಣೆಯರಲ್ಲಿ ನೂಲು ತೆಗೆದು ಬದುಕಿದ ಕದಿರ ರೆಮ್ಮವ್ವೆ ಇದ್ದಾರೆ, ಬೇಕಿದ್ದರೆ ಅವರ ನೆನಪಿಗೆ ಕಾಲರಿನ ಹಿಂದೆ ಸಣ್ಣ ಕದಿರಿನ ಗುರುತು ಹಾಕುತ್ತೇನೆ ಅಂದಳು. ಹಾಕಿದಳು.

ಜಗಳ ಆದದ್ದು ಖರ್ಚಿನ ಹಾಳೆಯ ಮೇಲೆ. ಬಟ್ಟೆ, ದಾರ, ಗುಂಡಿ, ಬಣ್ಣ, ಬಸ್ಸು ಎಲ್ಲಕ್ಕೂ ಸಂಖ್ಯೆ ಇತ್ತು. ‘ಕಸೂತಿ: 0.’

ಬೆನ್ನಿನ ತುಂಬ ಲಂಬಾಣಿ ಕನ್ನಡಿ ಕೆಲಸ ಮಾಡಿಸುವ ಆಸೆ ಅವಳದು. ಗೆಳತಿಯೊಬ್ಬಳ ತಾಂಡಾದಲ್ಲಿ ಮೂವರು ಹೆಂಗಸರು ಸುಮ್ನೆ ಮಾಡಿಕೊಡುತ್ತೇವೆ ಅಂದಿದ್ದರಂತೆ. “ಪ್ರೀತಿಯಿಂದ ಮಾಡ್ತಾರ್ರಿ ಮೇಡಂ.” ನನಗೆ ಸಿಟ್ಟು ಬಂತು. ಹೆಂಗಸರ ಕೆಲಸಕ್ಕೆ ಪ್ರೀತಿ ಅಂತ ಹೆಸರಿಟ್ಟು ಸೊನ್ನೆ ಬರೆಯುವುದಾದರೆ ಆ ನೇರಳೆ ಬೋರ್ಡೇ ವಾಸಿ ಅಂದುಬಿಟ್ಟೆ. ಅವಳು ಅತ್ತಳು. ನಾನು ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಆದರೆ ಸೊನ್ನೆ ಅಳಿಸಲೇಬೇಕಿತ್ತು.

ಎಷ್ಟು ಬರೆಯುವುದು? ಆ ವರ್ಷ ಏಪ್ರಿಲಿನಿಂದ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅದಕ್ಕಿಂತ ಕಡಿಮೆ ಆಗಬಾರದು ಅಂತ ಹಿಡಿದಳು. ದಿನಕ್ಕೆ 400 ಅಂತ ಲೆಕ್ಕ ಹಾಕಿದರೆ ಬೆನ್ನಿನ ಕಸೂತಿ ಅವಳ ಬಜೆಟ್ಟಿಗೆ ಮೀರಿ ಹೋಯಿತು. ಬೆನ್ನು ಬಿಟ್ಟು ಕಾಲರಿಗೆ ಬಂದಳು, ಅದೂ ಐದರಲ್ಲಿ ಮೂರಕ್ಕೆ. ಡಿಸೈನ್ ಇದರಿಂದ ಬಡವಾಯಿತು ಅಂತ ಅವಳಿಗೆ ಇವತ್ತಿಗೂ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಹೊಲದ ಅಂಗಿಯ ಬೆನ್ನಿಗೆ ಕನ್ನಡಿ ಯಾಕೆ?

ಇನ್ನೊಂದು ಮಾತು ತಾಂಡಾದಲ್ಲೇ ಹುಟ್ಟಿತು. ಹೊಲಿದವರ ಹೆಸರು ಅಂಗಿಯ ಒಳಗೆ ಇರಲಿ ಅಂತ. 1912ರಲ್ಲಿ ಲಂಡನ್ನಿನ ಹಾಲೋವೇ ಜೈಲಿನಲ್ಲಿದ್ದ ಮತದಾನ ಹೋರಾಟದ ಹೆಂಗಸರು ಬಟ್ಟೆಯ ಮೇಲೆ ತಮ್ಮ ಸಹಿಗಳನ್ನು ಕಸೂತಿ ಮಾಡಿದ್ದರು. ಹುಡುಗಿ ಫೋನಿನಲ್ಲಿ ಆ ಚಿತ್ರ ತೋರಿಸಿದಳು. ಮೂವರಲ್ಲಿ ಇಬ್ಬರು ಪೂರ್ತಿ ಹೆಸರು ಹಾಕಿದರು. ಒಬ್ಬರು ಬೇಡ ಅಂದು, ಅಕ್ಷರದ ಬದಲು ಒಂದು ಸಣ್ಣ ಕವಡೆ ಹೊಲಿದರು.

ಜ್ಯೂರಿ ಮೇ ತಿಂಗಳಲ್ಲಿ. ಕಲಬುರಗಿಯ ಮೇ ಅಂದರೆ ಗೊತ್ತಲ್ಲ, ಹಾಲಿನಲ್ಲಿ ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು. ಬಂದವರು ಮೂವರು. ಗೆಳತಿಯರು ಕಚ್ಚೆ ಸೀರೆ, ಅಂಗಿ ಹಾಕಿ ನಡೆದರು. ಒಬ್ಬರು ಹಿರಿಯರು ಐದೂ ಅಂಗಿ ತಿರುವಿ ನೋಡಿ ಕೇಳಿದರು: “ಥೀಮ್ ಸ್ತ್ರೀವಾದ ಅಂತ ಬರ್ದೀಯಲ್ಲಮ್ಮ. ಎಲ್ಲದ ಅದು? ಕಾಣವಲ್ದಲ್ಲ.”

“ಕಾಣಬಾರದು ಅಂತನೇ ಹೊಲ್ದದ್ರಿ ಸರ್.”

ಹೇಳಿ, ಗೆಳತಿಯ ಅಂಗಿಯ ಪಕ್ಕಕ್ಕೆ ಕೈ ಹಾಕಿ ಒಳಗಿನಿಂದ ಒಂದು ಫೋನು, ಹತ್ತರ ನೋಟಿನ ಸುರುಳಿ, ಎರಡು ಅಡಿಕೆ ತೆಗೆದು ಮೇಜಿನ ಮೇಲಿಟ್ಟಳು. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಆದರೆ ಅಂಕ ಚಪ್ಪಾಳೆಗೆ ಸಿಗುವುದಿಲ್ಲ. ಯೋಚನೆಗೆ ಒಳ್ಳೆ ಅಂಕ, ಕಲೆಕ್ಷನ್ನಿಗೆ ಸಾಧಾರಣ. ಇನ್ನೊಬ್ಬ ಜ್ಯೂರಿ ಐದೂ ಯೂನಿಫಾರ್ಮಿನ ಹಾಗಿವೆ ಅಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಮೂರನೆಯದು ಮತ್ತು ಐದನೆಯದು ಮೊದಲನೆಯದರದ್ದೇ ನಕಲು, ಬಣ್ಣ ಮಾತ್ರ ಬೇರೆ. ಸಮಯವೆಲ್ಲ ಒಳಕಿಸೆಯ ಜಾಗ ಹುಡುಕಲು ಹೋಗಿತ್ತು. ಊರಿನ ಎಂಟು ಹೆಂಗಸರಿಗೆ ಎಂಟು ಮೈ. ಅವಳು ಅಳೆದದ್ದು ಆಯಿಯೊಬ್ಬರನ್ನೇ. ಇದು ನನ್ನ ಪ್ರಕಾರ ದೊಡ್ಡ ಕೊರತೆ, ಜ್ಯೂರಿ ಅದನ್ನು ಕೇಳಲೇ ಇಲ್ಲ.

ಕೇಂದ್ರದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಒಂದು ಕಲಬುರಗಿಗೆ ಅಂತ 2023ರಲ್ಲಿ ಘೋಷಣೆಯಾದಾಗಿನಿಂದ ನಮ್ಮ ಹುಡುಗಿಯರೆಲ್ಲ ಅಲ್ಲಿ ಕೆಲಸ ಸಿಗುವ ಮಾತಾಡುತ್ತಾರೆ. ಇವಳೂ ಆಡುತ್ತಾಳೆ. ಸಂದರ್ಶನದಲ್ಲಿ ಖರ್ಚಿನ ಹಾಳೆ ತೋರಿಸುತ್ತೇನೆ ಅನ್ನುತ್ತಾಳೆ. ಅಂಗಿಯನ್ನಲ್ಲ, ಹಾಳೆಯನ್ನು.

ಒಂದು ಅಂಗಿ ಆಯಿಗೆ ಹೋಯಿತು. ತಿಂಗಳಾದ ಮೇಲೆ ಹುಡುಗಿ ನಗುತ್ತ ಫೋನು ಮಾಡಿದಳು. ಒಗೆದ ಮೇಲೆ ಹೊರಗಿನ ಕೋರಾ ಬಟ್ಟೆ ಕುಗ್ಗಿದೆ. ಒಳಗಿನ ಚೀಲ ಹಳೆ ಸೀರೆಯದು, ವರ್ಷಗಟ್ಟಲೆ ನೀರು ಕಂಡದ್ದು, ಅದು ಒಂಚೂರೂ ಕುಗ್ಗಿಲ್ಲ. ಈಗ ಪಕ್ಕದಲ್ಲಿ ಪೂರಿ ಉಬ್ಬಿದ ಹಾಗೆ ಉಬ್ಬಿ, ಮರೆಯ ಕಿಸೆ ಊರಿಗೆಲ್ಲ ಕಾಣುತ್ತಿದೆ. ಕತ್ತರಿಸುವ ಮೊದಲು ಕೋರಾ ನೆನೆಸಿ ಒಣಗಿಸಬೇಕು ಅನ್ನುವುದು ಮೊದಲ ವರ್ಷದ ಪಾಠ. ಅವಳು ಮರೆತಿದ್ದಳು, ನಾನೂ ನೋಡಿರಲಿಲ್ಲ.

“ಆಯಿ ಏನಂದ್ರು?”

“ಏನೂ ಅನ್ನಲಿಲ್ರಿ. ಸೂಜಿ ತಗೊಂಡು ಚೀಲದ ಅಂಚು ಎರಡು ಬೆರಳು ಮಡಚಿ, ತಾನೇ ಕೌದಿ ದಾರ ಎಳ್ಕೊಂಡಾಳ. ಈಗ ಸರಿ ಕುಂತದ. ಒಳಗ ಏನಿಟ್ಟೀದಿ ಅಂತ ಕೇಳ್ದೆ. ಹೇಳಲಿಲ್ಲ.”